ಎರಡೂವರೆ ಅಡಿ ಅಗಲದ ದಾರಿ

ನಮ್ಮ ಗುಂಪಿಗೆ ಹೆಸರಿಲ್ಲ. ಒಂದು ಸಂಘ ಅಂತ ರಿಜಿಸ್ಟರ್ ಮಾಡಿಸಿ, ರಬ್ಬರ್ ಸ್ಟಾಂಪು, ಲೆಟರ್ ಹೆಡ್ಡು ಎಲ್ಲಾ ಮಾಡಿಸೋಣ ಎಂದು ಗೌರಿಬಿದನೂರಿನ ಬ್ಯಾಂಕಿನವರು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ. ಉಳಿದವರು ‘ಆಗಲಿ ಸಾರ್’ ಎನ್ನುತ್ತೇವೆ. ಅಲ್ಲಿಗೆ ಆ ಮಾತು ಮುಂದಿನ ವರ್ಷದ ತನಕ ಮಲಗುತ್ತದೆ. ಇರುವುದು ಏಳೆಂಟು ಜನ. ನಿವೃತ್ತರಾದ ಬ್ಯಾಂಕಿನವರು, ಚಿಕ್ಕಬಳ್ಳಾಪುರದಿಂದ ಇಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗ, ಚಿಂತಾಮಣಿಯಲ್ಲಿ ಮೋಟಾರು ರೀವೈಂಡಿಂಗ್ ಅಂಗಡಿ ಇಟ್ಟಿರುವವರು, ಬೆಂಗಳೂರಿನಿಂದ ಕ್ಯಾಮೆರಾ ಹೊತ್ತು ಬರುವ ಇಬ್ಬರು, ಶಿಡ್ಲಘಟ್ಟದಲ್ಲಿ ಹುಟ್ಟಿ ಈಗ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನಾನು. ಊರಿನವರು ನಮ್ಮನ್ನು ‘ರೈಲು ನೋಡೋರು’ ಎನ್ನುತ್ತಾರೆ. ನಮ್ಮ ಅಮ್ಮ ಮಾತ್ರ ಇನ್ನೂ ಸ್ವಲ್ಪ ಖಾರವಾಗಿ ಹೇಳುತ್ತಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ರೈಲಿನಲ್ಲಿ ನೋಡೋಕೆ ಏನಿದೆ ಎಂದು ಕೇಳುವವರಿಗೆ ನಾನು ಉತ್ತರ ಹುಡುಕುವುದನ್ನು ಬಿಟ್ಟು ಬಹಳ ದಿನವಾಯಿತು. ಪ್ರಪಂಚದ ತುಂಬಾ ಇಂಥವರಿದ್ದಾರೆ. ಅಮೆರಿಕದಲ್ಲಿ ಓದುತ್ತಿದ್ದ ಒಂದಷ್ಟು ಭಾರತೀಯರು ಊರಿನ ರೈಲು ನೆನಪಾಗಿ 1989ರಲ್ಲಿ ಶುರು ಮಾಡಿದ ಐ.ಆರ್.ಎಫ್.ಸಿ.ಎ. ಎಂಬ ಅಭಿಮಾನಿಗಳ ಕೂಟ ಇವತ್ತು ಇಂಡಿಯಾದ ರೈಲಿನ ಬಗ್ಗೆ ಏನು ಬೇಕಾದರೂ ಸಿಗುವ ಕಣಜವಾಗಿದೆ. ಎಂಜಿನ್ನಿನ ನಂಬರು, ಸಿಗ್ನಲ್ಲಿನ ಬಗೆ, ಯಾವ ಹಳಿ ಯಾವ ವರ್ಷ ಬಿತ್ತು, ಎಲ್ಲವನ್ನೂ ಸಂಬಳವಿಲ್ಲದೆ ಬರೆದಿಟ್ಟವರು ಅವರು. ನಾವು ಅಷ್ಟು ದೊಡ್ಡವರಲ್ಲ. ನಮಗೆ ಬೇಕಾಗಿರುವುದು ನಮ್ಮ ನಾಲ್ಕು ಊರು: ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ.

ಈ ನಾಲ್ಕೂ ಒಂದೇ ಜಿಲ್ಲೆ. 2007ರಲ್ಲಿ ಕೋಲಾರದಿಂದ ಬಿಡಿಸಿ ಮಾಡಿದ ಜಿಲ್ಲೆ. ಆದರೆ ರೈಲಿನ ಲೆಕ್ಕದಲ್ಲಿ ಗೌರಿಬಿದನೂರು ನಮ್ಮದಲ್ಲ. ಅದು ಬೆಂಗಳೂರಿನಿಂದ ಹಿಂದೂಪುರದ ಮೇಲೆ ಗುಂತಕಲ್ಲಿಗೆ ಹೋಗುವ ದೊಡ್ಡ ದಾರಿಯಲ್ಲಿದೆ. ಉಳಿದ ಮೂರು ಯಲಹಂಕದಿಂದ ಕೋಲಾರ, ಬಂಗಾರಪೇಟೆಗೆ ಸುತ್ತಿಕೊಂಡು ಹೋಗುವ ಒಂಟಿ ಹಳಿಯ ಮೇಲಿವೆ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ರೈಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದರೆ ಯಲಹಂಕದವರೆಗೆ ಇಳಿದು, ಅಲ್ಲಿಂದ ಮತ್ತೆ ಉತ್ತರಕ್ಕೆ ಹತ್ತಬೇಕು. ಎರಡು ಊರಿನ ನಡುವೆ ನೇರ ಹಳಿ ಹಾಕುವ ಮಾತು ನಾನು ಓದುವಾಗಿನಿಂದಲೂ ಇದೆ. ಬ್ಯಾಂಕಿನವರು ನಮ್ಮ ಭಾನುವಾರದ ಸಭೆಗೆ ಒಮ್ಮೆ ಹಾಗೆಯೇ ರೈಲಿನಲ್ಲಿ ಸುತ್ತಿ ಬಂದರು. ಅಷ್ಟು ಹೊತ್ತಿಗೆ ಸಭೆ ಮುಗಿದು ನಾವು ಹೋಟೆಲಿನಲ್ಲಿ ಎರಡನೇ ಸಲ ಕಾಫಿ ಕುಡಿಯುತ್ತಿದ್ದೆವು.

ನಮ್ಮ ಮೂರು ಊರಿನ ದಾರಿ ಹುಟ್ಟಿದಾಗ ಅದರ ಅಗಲ ಎರಡೂವರೆ ಅಡಿ. ಎಂದರೆ ಒಂದು ಹಳಿಗೂ ಇನ್ನೊಂದಕ್ಕೂ ನಡುವೆ 762 ಮಿಲಿಮೀಟರು. ಈಗಿನ ಬ್ರಾಡ್‌ಗೇಜು 1676 ಮಿಲಿಮೀಟರು, ಅದರಲ್ಲಿ ಅರ್ಧವೂ ಇಲ್ಲ. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಈ ಸಣ್ಣ ಹಳಿ ಬಿತ್ತು. ಬೌರಿಂಗ್‌ಪೇಟೆ ಎಂದರೆ ಇವತ್ತಿನ ಬಂಗಾರಪೇಟೆಯೇ, ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ದೊರೆಯ ಹೆಸರಿನದು. ಈ ಕಡೆಯಿಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪನಿ 1915ರ ಹೊತ್ತಿಗೆ ಯಲಹಂಕದಿಂದ ಹಳಿ ಹಾಕಿಕೊಂಡು ಬಂತು. ಆ ದಶಕ ಮುಗಿಯುವ ಮೊದಲೇ ಎರಡೂ ಕೈ ಕೂಡಿದವು. ಹತ್ತಿರ ಹತ್ತಿರ 150 ಕಿಲೋಮೀಟರು. ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು, ಅವರ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರಕ್ಕೆ ಕೂಗಳತೆ. ಹಾಗಾಗಿ ನಮ್ಮ ಕಡೆ ಈ ರೈಲನ್ನು ಅವರೇ ಕೈಯಾರೆ ಹಾಕಿಸಿದಂತೆ ಕತೆ ಹೇಳುವವರು ಬಹಳ. ಹೇಳಿಕೊಳ್ಳಲಿ ಬಿಡಿ.

ಸಣ್ಣ ಹಳಿ ಯಾಕೆಂದರೆ ಅಗ್ಗ. ಹಳಿ ಹಗುರ, ಸ್ಲೀಪರು ಗಿಡ್ಡ, ಸೇತುವೆ ಕಿರಿದು, ಗುಡ್ಡ ಬಂದರೆ ಕಡಿಯದೆ ಸುತ್ತಿ ಹೋಗಬಹುದು. ಅದರ ಬೆಲೆಯನ್ನು ಆಮೇಲೆ ತೆರಬೇಕಾಗಿತ್ತು. ಬಂಗಾರಪೇಟೆಯಲ್ಲಿ ಮದರಾಸಿನ ಬ್ರಾಡ್‌ಗೇಜು, ಯಲಹಂಕದಲ್ಲಿ ಗುಂತಕಲ್ಲಿನ ಮೀಟರ್‌ಗೇಜು, ನಡುವೆ ನಮ್ಮ ನ್ಯಾರೋಗೇಜು. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡದು. ಚಿಂತಾಮಣಿಯ ಕಡಲೆಕಾಯಿ ಮೂಟೆ ದೂರದ ಊರಿಗೆ ಹೋಗಬೇಕಾದರೆ ಈ ಗಾಡಿಯಿಂದ ಇಳಿಸಿ ಆ ಗಾಡಿಗೆ ಏರಿಸಬೇಕು. ಪ್ರತಿ ಸಲ ಹಮಾಲಿ ಕೂಲಿ, ಪ್ರತಿ ಸಲ ಒಂದೆರಡು ಮೂಟೆಗೆ ತೂತು. ರೇಷ್ಮೆ ಗೂಡಿಗೆ ಇದು ಇನ್ನೂ ಕಷ್ಟ. ಗೂಡಿನೊಳಗಿನ ಹುಳ ಚಿಟ್ಟೆಯಾಗಿ ತೂತು ಮಾಡುವ ಮೊದಲು ನೂಲು ಬಿಚ್ಚಬೇಕು, ಕಾಯುವ ಸರಕಲ್ಲ ಅದು. ನಮ್ಮ ಅಪ್ಪ ರೀಲರು. ‘ಗೂಡು ತಂದ ರೈತನಿಗೂ ರೈಲಿಗೂ ಒಗ್ಗಲ್ಲ, ಅವನಿಗೆ ಆತುರ, ಅದಕ್ಕೆ ಆರಾಮ’ ಎನ್ನುತ್ತಿದ್ದರು. ರಸ್ತೆ ಸರಿಯಾಗಿ ಲಾರಿ ಬಂದ ದಿನವೇ ನಮ್ಮ ರೈಲಿನ ಆಯಸ್ಸು ಗೊತ್ತಾಗಿಹೋಗಿತ್ತು.

ನಾನು ಅದರಲ್ಲಿ ಹೋಗಿದ್ದು ಮೂರೋ ನಾಲ್ಕೋ ಸಲ. ಎಲ್ಲವೂ ಚಿಂತಾಮಣಿಯ ಅತ್ತೆ ಮನೆಗೆ. ಕೂತರೆ ಎದುರಿನವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಕುತ್ತಿತ್ತು. ಕಿಟಕಿಯಾಚೆ ಹಿಪ್ಪುನೇರಳೆ ತೋಟ ಎಷ್ಟು ಹತ್ತಿರವೆಂದರೆ ಕೈ ಚಾಚಿದರೆ ಎಲೆ ಸಿಗುವಂತಿತ್ತು. ಚಾಚಿ ಅಪ್ಪನಿಂದ ಒಂದು ಏಟೂ ತಿಂದಿದ್ದೇನೆ. ನಿಧಾನ ಎಂಬುದಕ್ಕೆ ನಮ್ಮೂರಲ್ಲಿ ನೂರು ತಮಾಷೆ ಇದ್ದವು. ಮುಂದಿನ ಡಬ್ಬಿಯಲ್ಲಿ ಇಳಿದು ಬೇಲಿ ಮರೆಗೆ ಹೋಗಿ ಬಂದು ಹಿಂದಿನ ಡಬ್ಬಿ ಹತ್ತಿಕೊಳ್ಳಬಹುದು ಎನ್ನುವುದು ಅವುಗಳಲ್ಲಿ ಮರ್ಯಾದಸ್ತ ತಮಾಷೆ.

1990ರ ದಶಕದಲ್ಲಿ ಅದು ನಿಂತಿತು. ಯಲಹಂಕ–ಚಿಕ್ಕಬಳ್ಳಾಪುರದ ತುಂಡು ಬ್ರಾಡ್‌ಗೇಜಾಯಿತು, ಆ ಕಡೆ ಬಂಗಾರಪೇಟೆ–ಕೋಲಾರವೂ ಆಯಿತು. ನಡುವಿನದು, ಎಂದರೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ದಾರಿ, ಹಾಗೇ ಬಿತ್ತು. ಮತ್ತೆ ಅಲ್ಲಿ ರೈಲು ಓಡಿದ್ದು 2013ರ ನವೆಂಬರಿನಲ್ಲಿ. ಎರಡು ದಶಕಕ್ಕೆ ಹತ್ತಿರ. ನನ್ನ ತರಗತಿಯ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ರೈಲಿಲ್ಲದ ರೈಲ್ವೆ ಸ್ಟೇಷನ್ ರೋಡಿನಲ್ಲಿ ಬೆಳೆದವರು. ಈ ಮಧ್ಯೆ ಕೋಲಾರ–ಬಂಗಾರಪೇಟೆ ತುಂಡಿನಲ್ಲಿ ಬಸ್ಸಿನಂಥ ಒಂದೇ ಡಬ್ಬಿಯ ರೈಲ್‌ಬಸ್ಸು ಓಡುತ್ತಿತ್ತು. ಅದನ್ನು ನೋಡಲಿಕ್ಕೆಂದೇ ದೂರದಿಂದ ಕ್ಯಾಮೆರಾದವರು ಬರುತ್ತಿದ್ದರು. ನಮ್ಮ ಬೆಂಗಳೂರಿನ ಇಬ್ಬರೂ ನಮಗೆ ಸಿಕ್ಕಿದ್ದು ಹಾಗೆ.

ಹಳಿ ಕಿತ್ತ ಮೇಲೆ ಏನೇನಾಯಿತು ಎಂದು ಹುಡುಕುವುದೇ ನಮ್ಮ ಗುಂಪಿನ ಮೊದಲ ಕೆಲಸವಾಯಿತು. ಯಾರೂ ಯೋಜನೆ ಹಾಕಿದ್ದಲ್ಲ. ರೀವೈಂಡಿಂಗ್ ಅಂಗಡಿಯವರು ಒಂದು ಹಳ್ಳಿಯಲ್ಲಿ ಪಂಪು ಬಿಚ್ಚಲು ಹೋದಾಗ ದನದ ಕೊಟ್ಟಿಗೆಯ ತೊಲೆ ನೋಡಿ ನಿಂತುಬಿಟ್ಟರಂತೆ. ಹಳಿ! ತಲೆ ಕೆಳಗಾಗಿ ಗೋಡೆಯಿಂದ ಗೋಡೆಗೆ ಮಲಗಿಸಿ ಮೇಲೆ ಚಪ್ಪಡಿ ಹೊದಿಸಿದ್ದರು. ಆಮೇಲೆ ಕಣ್ಣು ಪಳಗಿತು. ಬೇಲಿಯ ಕಂಬ, ಬಾವಿಯ ರಾಟೆಗೆ ಅಡ್ಡ, ಹುಳದ ಮನೆಯಲ್ಲಿ ಚಂದ್ರಿಕೆ ನಿಲ್ಲಿಸುವ ಕಟ್ಟು, ಎಲ್ಲೆಲ್ಲೋ ಹಳಿ. ಹರಾಜಿನಲ್ಲಿ ಕೊಂಡದ್ದೋ, ಗುಜರಿಯವನಿಂದ ಬಂದದ್ದೋ, ನಾವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಹಳಿಯ ಸೊಂಟದ ಮೇಲೆ ಉಬ್ಬಿದ ಅಕ್ಷರಗಳಿರುತ್ತವೆ, ತಯಾರಿಸಿದವರ ಗುರುತು. ಸುಣ್ಣ ಕೆರೆದು ಓದಿ, ಫೋಟೋ ತೆಗೆದು, ನೋಟುಬುಕ್ಕಿನಲ್ಲಿ ಬರೆದುಕೊಂಡು ಬರುತ್ತೇವೆ. ಕೊಟ್ಟಿಗೆಯ ಯಜಮಾನರಿಗೆ ನಮ್ಮ ಮೇಲೆ ಕನಿಕರ ಹುಟ್ಟಿ ಮಜ್ಜಿಗೆ ಕೊಡುತ್ತಾರೆ.

ಗೌರಿಬಿದನೂರಿನವರದು ಬೇರೆ ಸಿರಿವಂತಿಕೆ. ಅವರ ದಾರಿ 1890ರ ದಶಕದ ಆರಂಭದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾಲದ್ದು, ಮೊದಲು ಮೀಟರ್‌ಗೇಜು, 1980ರ ದಶಕದಲ್ಲಿ ಬ್ರಾಡ್‌ಗೇಜು, ಈಗ ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ. ದಿನವಿಡೀ ಗಾಡಿ. ಮಾಕಳಿದುರ್ಗದ ಹತ್ತಿರ ಗುಡ್ಡಗಳ ನಡುವೆ ಹಳಿ ಬಳಸಿಕೊಂಡು ಹೋಗುವ ತಿರುವಿದೆ. ಕ್ಯಾಮೆರಾದವರಿಗೆ ಅದು ತಿರುಪತಿ. ಕೋಟೆಯ ಬಂಡೆ ಹತ್ತಿ ಕೂತರೆ ಇಡೀ ರೈಲು ಒಂದೇ ಚಿತ್ರದಲ್ಲಿ ಹಿಡಿಯುತ್ತದೆ. ಹಳಿಯ ಮೇಲೆ ಇಳಿಯಬೇಡಿ ಎಂದು ಬ್ಯಾಂಕಿನವರು ಹೊಸಬರಿಗೆಲ್ಲ ಪಾಠ ಮಾಡುತ್ತಾರೆ, 1989ರ ರೈಲ್ವೆ ಕಾಯ್ದೆಯ 147ನೇ ಕಲಮು ಬಾಯಿಪಾಠ ಒಪ್ಪಿಸುತ್ತಾರೆ. ಅವರಿಗೆ ಚಿತ್ರಕ್ಕಿಂತ ಕತೆ ಇಷ್ಟ. ಗೌರಿಬಿದನೂರು ಸ್ಟೇಷನ್ನಿನಲ್ಲಿ ನಿಂತಾಗಲೆಲ್ಲ ಹೊಸೂರಿನ ಎಚ್. ನರಸಿಂಹಯ್ಯನವರ ಮಾತು ತೆಗೆಯುತ್ತಾರೆ. ಊರಿನ ಮುಂದೆಯೇ ಬೆಂಗಳೂರಿಗೆ ರೈಲು ಹೋಗುತ್ತಿತ್ತು. ಆದರೂ 1935ರಲ್ಲಿ ಆ ಹುಡುಗ ನ್ಯಾಷನಲ್ ಹೈಸ್ಕೂಲು ಸೇರಲು ಸುಮಾರು 85 ಕಿಲೋಮೀಟರು ಎರಡು ದಿನ ನಡೆದೇ ಹೋದ. ಚಾರ್ಜಿಗೆ ದುಡ್ಡಿರಲಿಲ್ಲ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ‘ರೈಲಿನ ಇತಿಹಾಸ ಬರೆಯೋರು ಟಿಕೆಟ್ ತಗೊಂಡೋರನ್ನ ಮಾತ್ರ ಲೆಕ್ಕ ಹಿಡೀತಾರೆ. ಪಕ್ಕದಲ್ಲಿ ನಡೆದು ಹೋದೋರನ್ನ ಯಾರು ಬರೀತಾರೆ?’ ಎನ್ನುವುದು ಬ್ಯಾಂಕಿನವರ ತಕರಾರು. ನಾನು ಆ ತಕರಾರನ್ನು ಕದ್ದು ನನ್ನ ಪಾಠದಲ್ಲಿ ಬಳಸುತ್ತೇನೆ.

ನಮ್ಮ ಮೂರೂರಿನ ದಾರಿಗೆ ಮರ್ಯಾದೆ ಬಂದದ್ದು ಕಟ್ಟಡಗಳಿಂದ. ಯಲಹಂಕ ದಾಟಿದ ಮೇಲೆ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಹಳೆಯ ಲೈಟ್ ರೈಲ್ವೆ ಕಾಲದ ಸಣ್ಣ ಸ್ಟೇಷನ್ನುಗಳು ಉಳಿದಿದ್ದವು. ಉಳಿದಿದ್ದವು ಎಂದರೆ ಯಾರೂ ಕೆಡವಿರಲಿಲ್ಲ, ಅಷ್ಟೇ. ಕಿಟಕಿ ಹೋಗಿತ್ತು, ಮಾಡಿನ ಹೆಂಚು ಕಾಲು ಭಾಗ ಹೋಗಿತ್ತು, ಒಳಗೆ ಇಸ್ಪೀಟು ಆಡುವವರ ಸಂಸಾರ. ಇನ್‌ಟ್ಯಾಕ್ ಸಂಸ್ಥೆಯ ಬೆಂಗಳೂರು ವಿಭಾಗ ಇವುಗಳ ಬೆನ್ನು ಹತ್ತಿ, ನೈಋತ್ಯ ರೈಲ್ವೆಯನ್ನು ಒಪ್ಪಿಸಿ, ಕಂಪನಿಗಳಿಂದ ದುಡ್ಡು ಹೊಂದಿಸಿ ದುರಸ್ತಿಗೆ ಕೈ ಹಾಕಿತು. ನಂದಿ ಹಾಲ್ಟು ಚೊಕ್ಕವಾಗಿ ಎದ್ದು ನಿಂತಿತು. ನೀವು ನಂದಿ ಬೆಟ್ಟಕ್ಕೆ ಹೋಗುವವರಾದರೆ ಒಮ್ಮೆ ಅಲ್ಲಿ ಇಳಿದು ನೋಡಿ. ದೊಡ್ಡದೇನಿಲ್ಲ, ಒಂದು ಅನುಕೂಲಸ್ಥ ರೈತನ ಮನೆಯಷ್ಟು.

ಆ ಕೆಲಸದಿಂದ ನಾವು ಕಲಿತದ್ದು ಗಾರೆಯ ವಿಷಯ. ನೂರು ವರ್ಷದ ಗೋಡೆಗೆ ಸಿಮೆಂಟು ಬಳಿದರೆ ಗೋಡೆ ಉಸಿರು ಕಟ್ಟಿ ಸಾಯುತ್ತದೆ. ಹಳೆಯ ಸುಣ್ಣದ ಗಾರೆ ತೇವವನ್ನು ಒಳಗೆ ತಗೊಂಡು ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ, ನೀರು ಒಳಗೇ ಉಳಿದು ಇಟ್ಟಿಗೆಯನ್ನು ತಿನ್ನುತ್ತದೆ. ಅದಕ್ಕೇ ಇಂಥ ಕಡೆ ಸಿಮೆಂಟು ಕೆರೆದು ತೆಗೆದು ಮತ್ತೆ ಸುಣ್ಣವನ್ನೇ ಹಾಕಬೇಕು. ನಮ್ಮ ಊರುಗಳ ಗುಡಿಗಳಿಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಗ್ರಾನೈಟು, ಆಯಿಲ್ ಪೇಂಟು ಬಡಿಯುವವರಿಗೆ ಯಾರಾದರೂ ಇದನ್ನು ಹೇಳಬೇಕು. ನಾನು ನಮ್ಮ ಬೀದಿಯಲ್ಲಿ ಹೇಳಿ ನೋಡಿದೆ. ಮುಂದಿನ ವರ್ಷ ಚಂದಾ ಕೇಳಲು ನಮ್ಮ ಮನೆಗೆ ಬರಲಿಲ್ಲ, ಲಾಭವೇ ಆಯಿತು.

ಆದರೆ ಈ ಸ್ಟೇಷನ್ನುಗಳ ಬಗ್ಗೆ ನಮ್ಮೊಳಗೇ ಜಗಳವಿದೆ. ಸರಿ ಮಾಡಿದ ಕಟ್ಟಡದಲ್ಲಿ ಏನಿರಬೇಕು? ಕಾಫಿ ಅಂಗಡಿ, ಕರಕುಶಲದ ಮಳಿಗೆ, ಸಣ್ಣ ಮ್ಯೂಸಿಯಂ, ಓದುವ ಮನೆ, ಹೀಗೆಲ್ಲ ಯೋಚನೆಗಳಿವೆ. ಕ್ಯಾಮೆರಾದವರು ಕಾಫಿ ಅಂಗಡಿಯ ಪಕ್ಷ, ಜನ ಬಂದರೆ ಕಟ್ಟಡ ಉಳಿಯುತ್ತದೆ ಎನ್ನುವುದು ಅವರ ವಾದ. ಚಿಕ್ಕಬಳ್ಳಾಪುರದ ಹುಡುಗನಿಗೆ ಇದು ಸಿಟ್ಟು. ‘ನಮಗೆ ಸ್ಟೇಷನ್ ಬೇಕಾಗಿರೋದು ರೈಲು ಹತ್ತೋಕೆ. ಬೆಳಗ್ಗೆ ಒಂದು, ಸಂಜೆ ಒಂದು ಅಂತ ಲೆಕ್ಕದ ಗಾಡಿ ಬಿಟ್ಟು, ಕಟ್ಟಡಕ್ಕೆ ಲೈಟ್ ಹಾಕಿದ್ರೆ ಅದು ಯಾರಿಗೆ?’ ಎನ್ನುತ್ತಾನೆ. ದಿನಾ ಬೆಂಗಳೂರಿಗೆ ಓಡಾಡುವವನು ಅವನು. ವಿಮಾನ ನಿಲ್ದಾಣಕ್ಕೆಂದು 2021ರ ಜನವರಿಯಲ್ಲಿ ಇದೇ ದಾರಿಯಲ್ಲಿ ಹೊಸ ಹಾಲ್ಟು ತೆರೆದಾಗ ಎಲ್ಲರಿಗಿಂತ ಹೆಚ್ಚು ಕುಣಿದವನೂ ಅವನೇ. ನನ್ನ ಮಟ್ಟಿಗೆ ಅವನ ಕಡೆ ಒಂದು ತೂಕ ಜಾಸ್ತಿ. ಆದರೆ ಗಾಡಿ ಹೆಚ್ಚಾಗುವ ತನಕ ಹೆಂಚು ಕಾಯುವುದಿಲ್ಲ. ಇನ್‌ಟ್ಯಾಕ್‌ನವರು ಕಾದಿದ್ದರೆ ಇವತ್ತು ಜಗಳವಾಡಲು ಗೋಡೆಯೂ ಇರುತ್ತಿರಲಿಲ್ಲ.

ಬ್ರಿಟನ್ನಿನ ವೇಲ್ಸಿನಲ್ಲಿ ಟ್ಯಾಲಿಲಿನ್ ಎಂಬ ಸಣ್ಣ ಹಳಿಯ ದಾರಿಯಿದೆ. ಕಲ್ಲುಹೆಂಚು ಸಾಗಿಸಲು 1865ರಲ್ಲಿ ಆದದ್ದು, ಅಗಲ ನಮ್ಮದಕ್ಕಿಂತ ಮೂರು ಇಂಚು ಕಡಿಮೆ, ಉದ್ದ ಬರೀ ಹನ್ನೊಂದು ಕಿಲೋಮೀಟರಿನಷ್ಟು. ಮುಚ್ಚಿಹೋಗುವ ಹೊತ್ತಿಗೆ ಒಂದಷ್ಟು ಜನ ಸೇರಿ 1951ರಿಂದ ತಾವೇ ಓಡಿಸತೊಡಗಿದರು. ಗುಮಾಸ್ತರು, ಮೇಷ್ಟ್ರುಗಳು ರಜದಲ್ಲಿ ಹೋಗಿ ಹಳಿಗೆ ಜಲ್ಲಿ ತುಂಬುವುದು, ಟಿಕೆಟು ಹರಿಯುವುದು. ಥಾಮಸ್ ಎಂಬ ನೀಲಿ ಎಂಜಿನ್ನಿನ ಮಕ್ಕಳ ಕತೆ ಬರೆದ ಪಾದ್ರಿ ಆಡ್ರಿ ಕೂಡ ಅಲ್ಲಿ ಹೋಗಿ ದುಡಿದವರು. ಅಭಿಮಾನಿಗಳೇ ಉಳಿಸಿಕೊಂಡ ಮೊದಲ ರೈಲು ಅದು ಎನ್ನುತ್ತಾರೆ, ಈಗಲೂ ಓಡುತ್ತಿದೆ. ನಮ್ಮಲ್ಲಿ ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ–ಶಿಮ್ಲಾ ಸಣ್ಣ ರೈಲುಗಳಿಗೆ ಯುನೆಸ್ಕೋ ಪಟ್ಟ ಬಂತು. ಮೂರೂ ಬೆಟ್ಟ ಹತ್ತುವಂಥವು, ಮೇಲೆ ಹೋದರೆ ತಂಪು. ನಮ್ಮದು ಬಯಲುಸೀಮೆಯಲ್ಲಿ ಕೆರೆಯಿಂದ ಕೆರೆಗೆ ಹೋಗುತ್ತಿದ್ದ ರೈಲು. ಕಡಲೆಕಾಯಿ ಮೂಟೆಗೆ ಯುನೆಸ್ಕೋದವರು ಯಾಕೆ ಬರುತ್ತಾರೆ?

ಕೆರೆಯ ಮಾತು ಬಂತು, ಹಾಗಾಗಿ ತಾತನ ವಿಷಯ.

ಶಿಡ್ಲಘಟ್ಟ–ಚಿಂತಾಮಣಿ ನಡುವಿನ ಒಂದು ಹಳ್ಳಿಯಲ್ಲಿ ಹಳೆಯ ಗ್ಯಾಂಗ್‌ಮನ್ ಒಬ್ಬರಿದ್ದಾರೆಂದು ನಮಗೆ ಗೊತ್ತಾದದ್ದು ಗುಜರಿಯವನಿಂದ. ಎಂಬತ್ತೈದು ದಾಟಿದೆ. ಇಪ್ಪತ್ತರ ವಯಸ್ಸಿಗೆ ಸಣ್ಣ ರೈಲಿಗೆ ಸೇರಿ, ಅದು ನಿಂತ ಮೇಲೆ ಬಂಗಾರಪೇಟೆಯ ಕಡೆ ದೊಡ್ಡ ಹಳಿಯಲ್ಲಿ ಕೊನೆಯ ವರ್ಷಗಳನ್ನು ಕಳೆದು ರಿಟೈರಾದವರು. ಅವರ ಮನೆಯಲ್ಲಿ ಮೂರು ಬಣ್ಣದ ಗಾಜಿನ ಕೈಲಾಂದ್ರ ಇದೆ, ಬೆಂಗಳೂರಿನ ಒಂದು ರೆಸಾರ್ಟಿನವರು ಕೇಳಿದ್ದಾರೆ, ನಿಮಗೇನಾದರೂ ಬೇಕಾ ಎಂದು ಗುಜರಿಯವನು ನಮ್ಮ ರೀವೈಂಡಿಂಗ್ ಅಂಗಡಿಯವರನ್ನು ಕೇಳಿದ.

ಹೋದೆವು. ತಾತ ಜಗಲಿಯ ಮೇಲೆ ಕೂತಿದ್ದರು. ಮಗ ಹಣದ ಮಾತಾಡುವ ಹುರುಪಿನಲ್ಲಿದ್ದ, ಸೊಸೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ನಾನು ‘ತಾತಾ, ಆ ರೈಲಲ್ಲಿ ನಾನೂ ಹೋಗಿದೀನಿ’ ಎಂದೆ. ‘ಅದು ರೈಲೇನಮ್ಮಾ, ಎತ್ತಿನ ಗಾಡಿಗೆ ಹೊಗೆ ಕಟ್ಟಿದ್ರು’ ಎಂದು ಬೊಚ್ಚುಬಾಯಲ್ಲಿ ನಕ್ಕರು. ಆಮೇಲೆ ಅರ್ಧ ಕನ್ನಡ, ಅರ್ಧ ತೆಲುಗು, ನಿಲ್ಲಿಸಲೇ ಇಲ್ಲ.

ಗ್ಯಾಂಗ್‌ಮನ್ ಕೆಲಸವೆಂದರೆ ಹಳಿ ಕುಟ್ಟುವುದು ಎಂದಷ್ಟೇ ನಮ್ಮ ತಿಳಿವಳಿಕೆ. ತಾತ ಹೇಳಿದ್ದರಲ್ಲಿ ಹಳಿಗಿಂತ ನೀರೇ ಹೆಚ್ಚು. ನಮ್ಮ ಸೀಮೆಗೆ ಹೊಳೆಯಿಲ್ಲ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಪಾಲಾರು, ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಹುಟ್ಟುತ್ತವೆ, ಹುಟ್ಟಿದ ಮನೆಯಲ್ಲಿ ಉಳಿಯದೆ ಹೋಗುತ್ತವೆ. ನಮಗಿರುವುದು ಕೆರೆ. ಒಂದು ಕೆರೆಯ ಕೋಡಿ ಹರಿದು ಕೆಳಗಿನ ಕೆರೆ, ಅದರ ಕೋಡಿ ಇನ್ನೊಂದಕ್ಕೆ, ಸರಪಣಿ. ಆ ಸರಪಣಿಯನ್ನು ಅಡ್ಡ ದಾಟಿಕೊಂಡು ರೈಲು ಹೋಗುತ್ತಿತ್ತು. ಅಗ್ಗದ ದಾರಿ, ಸಣ್ಣ ಮೋರಿ, ತಗ್ಗು ದಿಬ್ಬ. ಮೇಲಿನ ಕೆರೆ ಒಡೆದರೆ ಹಳಿಯ ಕೆಳಗಿನ ಮಣ್ಣು ಕೊಚ್ಚಿ, ಹಳಿ ತೊಟ್ಟಿಲಿನಂತೆ ಗಾಳಿಯಲ್ಲಿ ತೂಗುತ್ತದೆ. ಕತ್ತಲಲ್ಲಿ ಡ್ರೈವರನಿಗೆ ಅದು ಕಾಣುವುದಿಲ್ಲ.

ಅದಕ್ಕೇ ಮಳೆಗಾಲದ ರಾತ್ರಿ ಪೆಟ್ರೋಲು. ಗೋಣಿತಾಟಿನ ಕೊಪ್ಪೆ, ಕೈಯಲ್ಲಿ ಲಾಂದ್ರ, ಜೋಳಿಗೆಯಲ್ಲಿ ಹಳಿಗೆ ಕಟ್ಟುವ ಪಟಾಕಿ. ಅಪಾಯ ಕಂಡರೆ ದೂರ ಓಡಿ ಹಳಿಯ ಮೇಲೆ ಪಟಾಕಿ ಕಟ್ಟಬೇಕು, ಚಕ್ರ ಹತ್ತಿದ ಕೂಡಲೇ ಸಿಡಿದು ಡ್ರೈವರ್ ಬ್ರೇಕ್ ಹಾಕುತ್ತಾನೆ. ಪಕ್ಕದ ತುಂಡಿನ ಗ್ಯಾಂಗ್‌ಮನ್ ಎದುರಿನಿಂದ ಬರುತ್ತಾನೆ, ಇಬ್ಬರೂ ನಡುವೆ ಸಿಕ್ಕಿ ಪುಸ್ತಕ ಬದಲಾಯಿಸಿಕೊಂಡು ವಾಪಸು. ಸಿಗದಿದ್ದರೆ ಹುಡುಕಿಕೊಂಡು ಮುಂದೆ ಹೋಗಬೇಕು. ‘ಬೀಡಿ ಸೇದೋ ನೆಪಕ್ಕೆ ಸಿಗ್ತಿದ್ವಿ ಅಂತ ಅವನ ಹೆಂಡ್ತಿ ಬೈಯೋಳು’ ಎಂದರು. ಒಂದು ರಾತ್ರಿ ಆ ಗೆಳೆಯ ಸಿಗಲಿಲ್ಲ. ತಾತ ಮುಂದೆ ಹೋದರೆ ಅವನು ಮೋರಿಯ ಆಚೆ ದಡದಲ್ಲಿ ಕೆಂಪು ದೀಪ ಹಿಡಿದು ನಿಂತಿದ್ದ. ನಡುವೆ ನೀರು. ಬೆಳಗಾಗುವ ತನಕ ಈಚೆಗೊಬ್ಬ, ಆಚೆಗೊಬ್ಬ, ಕೂಗಿಕೊಂಡು ಮಾತಾಡುತ್ತಾ ನಿಂತಿದ್ದರಂತೆ. ಏನು ಮಾತಾಡಿದ್ರಿ ತಾತಾ ಎಂದು ಹುಡುಗ ಕೇಳಿದ. ‘ಏನಿರ್ತದಪ್ಪಾ, ಅವನ ಮಗಳ ಮದುವೆ ಸಾಲ.’

ವಾಪಸು ಬರುವಾಗ ನಮ್ಮೊಳಗೆ ದೊಡ್ಡ ಜಗಳ. ಲಾಂದ್ರವನ್ನು ನಾವೇ ಕೊಂಡು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಕೊಡೋಣ ಎಂದು ಕ್ಯಾಮೆರಾದವರು. 1979ರಿಂದ ಇರುವ ಮ್ಯೂಸಿಯಂ ಅದು, ಅಲ್ಲಿ ಭದ್ರವಾಗಿರುತ್ತದೆ, ರೆಸಾರ್ಟಿನ ಬಾರಿನ ಮೇಲೆ ತೂಗುವುದಕ್ಕಿಂತ ವಾಸಿ. ಬ್ಯಾಂಕಿನವರಿಗೆ ಅದರ ರಸೀದಿ, ದಾಖಲೆ ಚಿಂತೆ: ಅದು ಇಲಾಖೆಯ ಸೊತ್ತೋ, ತಾತನದೋ? ರೀವೈಂಡಿಂಗ್ ಅಂಗಡಿಯವರು ಬಹಳ ಹೊತ್ತು ಸುಮ್ಮನಿದ್ದು, ‘ಆ ಲಾಂದ್ರ ತಗೊಂಡು ಏನ್ ಮಾಡ್ತೀರಿ? ಯಾವ ಮೋರಿ ಹತ್ರ ನೀರು ಬರ್ತದೆ ಅಂತ ಲಾಂದ್ರ ಹೇಳ್ತದಾ?’ ಎಂದರು.

ಆ ಮಾತು ನನಗೆ ಹಿಡಿಯಿತು. ನಾವು ಉಳಿಸಬೇಕೆನ್ನುವುದೆಲ್ಲ ಕೈಗೆ ಸಿಗುವ ವಸ್ತುಗಳು: ಗೋಡೆ, ಹೆಂಚು, ಹಿತ್ತಾಳೆಯ ಗಂಟೆ, ಗಟ್ಟಿ ರಟ್ಟಿನ ಹಳೆಯ ಟಿಕೆಟು. ಅವು ಚೆಂದ, ಫೋಟೋದಲ್ಲಿ ಬರುತ್ತವೆ. ಕೆಲಸ ಫೋಟೋದಲ್ಲಿ ಬರುವುದಿಲ್ಲ. ಯಾವ ತಿಂಗಳಲ್ಲಿ ಯಾವ ತುಂಡಿನ ಹಳಿ ಬಿಸಿಲಿಗೆ ಬಾಗುತ್ತದೆ, ಯಾವ ಕೆರೆಯ ಕೋಡಿ ಬಿದ್ದ ಎಷ್ಟು ಗಂಟೆಗೆ ಹಳಿಯ ಹತ್ತಿರ ನೀರು ಬರುತ್ತದೆ, ಇದು ಒಬ್ಬ ಮನುಷ್ಯನ ಕಾಲಿನಲ್ಲಿ ಮೂವತ್ತೈದು ವರ್ಷ ಸೇರಿದ ತಿಳಿವಳಿಕೆ. ಅದಕ್ಕೆ ಗುಜರಿಯವನೂ ಬೆಲೆ ಕಟ್ಟುವುದಿಲ್ಲ.

ಇದು ಬರೀ ನೆನಪಿನ ಹುಚ್ಚಲ್ಲ. ನಮ್ಮ ಕಡೆ ಬೋರ್‌ವೆಲ್ಲು ಸಾವಿರ ಅಡಿ ದಾಟಿ, ಕೆರೆ ಎಂದರೆ ಜಾಲಿ ಬೆಳೆಯುವ ಜಾಗ ಎಂದಾಗಿತ್ತು. ಕೆರೆ ಒಡೆಯುತ್ತದೆ ಎಂದರೆ ನನ್ನ ಮಕ್ಕಳು ನಗುತ್ತಿದ್ದರು. 2021ರ ನವೆಂಬರಿನಲ್ಲಿ ಆ ನಗು ನಿಂತಿತು. ವಾರಗಟ್ಟಲೆ ಮಳೆ ಹೊಡೆದು, ಎಷ್ಟೋ ವರ್ಷ ಕೋಡಿ ಕಾಣದ ಕೆರೆಗಳು ತುಂಬಿ ಹರಿದವು, ರಸ್ತೆ ಕೊಚ್ಚಿದವು. ಈಗ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನೂ ಕೊಳವೆಯಲ್ಲಿ ತಂದು ಎಚ್.ಎನ್. ವ್ಯಾಲಿ, ಕೆ.ಸಿ. ವ್ಯಾಲಿ ಯೋಜನೆಗಳಲ್ಲಿ ಕೆರೆ ತುಂಬಿಸುತ್ತಾರೆ. ತುಂಬಿದ ಕೆರೆಯ ಮೇಲೆ ಮಳೆ ಬಿದ್ದರೆ ಕೋಡಿ ಬೇಗ ಬೀಳುತ್ತದೆ. ಕೋಡಿ ಕಾಲುವೆ ಮುಚ್ಚಿ ಸೈಟು ಮಾಡಿದವರಿಗೆ ಅದು ಗೊತ್ತಿಲ್ಲ. ತಾತನಿಗೆ ಗೊತ್ತು.

ಲಾಂದ್ರವನ್ನು ಯಾರೂ ಕೊಳ್ಳಲಿಲ್ಲ. ಸೊಸೆಯೇ ಅದನ್ನು ತೀರ್ಮಾನಿಸಿದಳು. ರೆಸಾರ್ಟಿನವನು ಎರಡನೇ ಸಲ ಬಂದಾಗ, ಕರೆಂಟು ಹೋದರೆ ಹುಳದ ಮನೆಗೆ ಇದೇ ದೀಪ, ಮಾರೋದಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದಳಂತೆ. ಹುಳದ ಮನೆಯಲ್ಲಿ ಸೀಮೆಎಣ್ಣೆ ದೀಪ ಹಚ್ಚಿದರೆ ಹೊಗೆಗೆ ಹುಳ ಕೆಡುತ್ತದೆ, ಇದು ರೀಲರನ ಮಗಳಾದ ನನಗೂ ಗೊತ್ತು, ಅವಳಿಗೂ ಗೊತ್ತು. ನಾನು ಏನೂ ಹೇಳಲಿಲ್ಲ.

ನಾವು ಮಾಡುತ್ತಿರುವುದು ಇಷ್ಟು. ತಿಂಗಳಿಗೆ ಎರಡು ಭಾನುವಾರ ತಾತನ ಮನೆಗೆ. ಹುಡುಗ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾನೆ, ನಾನು ಬರೆದುಕೊಳ್ಳುತ್ತೇನೆ, ತೆಲುಗು ಗಟ್ಟಿಯಾದಾಗ ರೀವೈಂಡಿಂಗ್ ಅಂಗಡಿಯವರು ಬಿಡಿಸುತ್ತಾರೆ. ಸರ್ವೆ ನಕ್ಷೆಯ ಮೇಲೆ ಹಳೆಯ ದಾರಿಯನ್ನು ಎಳೆದು, ಮೋರಿಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದೇವೆ. ಮೋರಿಗಳಿಗೆ ಇಲಾಖೆಯ ನಂಬರಿತ್ತು, ತಾತನಿಗೆ ಅದು ನೆನಪಿಲ್ಲ. ಅವರಲ್ಲಿರುವುದು ಗ್ಯಾಂಗಿನವರು ಇಟ್ಟ ಹೆಸರು: ಹುಣಿಸೆಮರದ ಮೋರಿ, ಎರಡು ಕಣ್ಣಿನ ಮೋರಿ, ಸಾಲದ ಮೋರಿ. ಕೊನೆಯದು ಆ ರಾತ್ರಿಯ ನಂತರ ಬಂದ ಹೆಸರು. ಇಂಥ ಹಳಬರ ಪಟ್ಟಿಯಲ್ಲಿ ನಾವು ಹನ್ನೊಂದು ಹೆಸರು ಬರೆದುಕೊಂಡಿದ್ದೆವು, ಗೇಟ್‌ಮನ್ನು, ಪಾಯಿಂಟ್ಸ್‌ಮನ್ನು, ಬಂಗಾರಪೇಟೆಯಲ್ಲಿ ಮೂಟೆ ಹೊತ್ತವರು ಸೇರಿ. ಶುರು ಮಾಡಿದ ವರ್ಷವೇ ಮೂವರು ಹೋದರು. ಇಬ್ಬರ ಮನೆಗೆ ನಾವು ಹೋಗಿಯೇ ಇರಲಿಲ್ಲ.

ಕಳೆದ ಸಲ ನಕ್ಷೆಯನ್ನು ಜಗಲಿಯ ಮೇಲೆ ಹಾಸಿದಾಗ ತಾತ ಬಹಳ ಹೊತ್ತು ನೋಡಿದರು. ಓದು ಬರಹ ಅಷ್ಟಿಲ್ಲ, ಆದರೂ ಬೆರಳು ಸರಿಯಾಗಿ ಕೆರೆಯಿಂದ ಕೆರೆಗೆ ಹೋಯಿತು. ಹುಣಿಸೆಮರದ ಮೋರಿಯನ್ನು ನಾವು ಕೋಡಿಯ ಬಲಕ್ಕೆ ಹಾಕಿದ್ದೆವು. ‘ಈ ಕಡೆ ಅಲ್ಲ, ಎಡಕ್ಕೆ’ ಎಂದರು. ಹುಡುಗ ಫೋನು ತೆಗೆದು ಉಪಗ್ರಹ ಚಿತ್ರ ತೋರಿಸಿ, ಅಲ್ಲಿ ಈಗ ಲೇಔಟು ಇದೆ ತಾತಾ, ಮನೆಗಳು ಎಂದ. ತಾತ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ‘ಮನೆ ಇರ್ಲಿ. ನೀರು ಅಲ್ಲೇ ಬರೋದು’ ಎಂದು ವಾಪಸು ಕೊಟ್ಟರು. ನಾನು ಬಲಕ್ಕಿದ್ದ ಗುರುತನ್ನು ಅಳಿಸಿ ಎಡಕ್ಕೆ ಹಾಕಿದೆ. ಸೊಸೆ ಕಾಫಿ ತಂದಳು, ಆಮೇಲೆ ಎರಡು ಕಣ್ಣಿನ ಮೋರಿಗೆ ಹೋದೆವು.